ಕಣ್ಣಿಗೆ ಬೀಳುವ ಹೋಲಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಕರಡು ಮತ್ತು ಹೊಸ ಕರಡನ್ನು ಒಂದರ ಮೇಲೊಂದು ಇಟ್ಟು, ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಒಂದಕ್ಷರವನ್ನೂ ಓದದೆ ವ್ಯತ್ಯಾಸ ಹಿಡಿಯುತ್ತಿದ್ದೆ ಎಂದು ಕಳೆದ ಸಂಚಿಕೆಯಲ್ಲಿ ಮಾತಿನ ನಡುವೆ ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಓದುವ ಮೊದಲೇ ಕಡತಗಳ ಹೋಲಿಕೆಯನ್ನು ಕಣ್ಣಿಗೆ ಕಾಣಿಸುವುದು ಹೇಗೆ ಎಂದು ಕೇಳಿ ಬರೆದವರಲ್ಲಿ ಬಹುತೇಕರು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು. ನಾನು ಆ ಕಡೆಗೆ ತಡವಾಗಿ ಹೊರಳಿದವನು. ಕರಡು ತಿದ್ದುವ ಕಸುಬು ಮುಗಿದ ಮೇಲೆ ಹನ್ನೊಂದು ವರ್ಷ ಕಡತ ವಿಂಗಡಿಸುವ ತಂತ್ರಾಂಶಗಳ ಜೊತೆ ಗುದ್ದಾಡಿದ್ದೇನೆ. ಆ ಗುದ್ದಾಟದಲ್ಲಿ ಕೈಗೆ ಹತ್ತಿದ್ದನ್ನು ಹೇಳುತ್ತೇನೆ.

ಪ್ರಶ್ನೆ: ಒಂದೇ ವಿಷಯದ ಮೇಲೆ ನಮ್ಮ ವಿಭಾಗಕ್ಕೆ 340 ಮನವಿ ಪತ್ರಗಳು ಬಂದಿವೆ. ಕೆಲವು ಒಂದೇ ನಮೂನೆಯ ನಕಲಿನಂತಿವೆ, ಕೆಲವು ಸ್ವಂತ ಮಾತಿನಲ್ಲಿವೆ. ಓದಲು ಕೂರುವ ಮೊದಲೇ ಯಾವುದು ಯಾವುದನ್ನು ಹೋಲುತ್ತದೆ ಎಂದು ಒಂದೇ ನೋಟಕ್ಕೆ ತಿಳಿಯುವಂತೆ ಚಿತ್ರ ಮಾಡಬಹುದೇ?
— ಕಡತ ವಿಭಾಗದ ಓದುಗಿ

ಉತ್ತರ: ಮಾಡಬಹುದು. ಮೊದಲು ಲೆಕ್ಕ ನೋಡಿ. 340 ಪತ್ರಗಳನ್ನು ಎರಡೆರಡಾಗಿ ಜೋಡಿಸಿದರೆ 57,630 ಜೋಡಿಗಳು. ಜೋಡಿಗೆ ಒಂದು ನಿಮಿಷವೆಂದರೂ ಹಗಲಿರುಳು ಕುಳಿತರೆ 40 ದಿನ. ಆದ್ದರಿಂದ ಹೋಲಿಸುವ ದುಡಿಮೆ ಯಂತ್ರಕ್ಕಿರಲಿ, ನೋಡುವ ಕೆಲಸ ಮಾತ್ರ ನಿಮಗಿರಲಿ.

ಯಂತ್ರಕ್ಕೆ ಓದು ಬಾರದು, ಎಣಿಕೆ ಬರುತ್ತದೆ. ಜೆರಾರ್ಡ್ ಸಾಲ್ಟನ್ ಮತ್ತು ಅವರ ಸಂಗಡಿಗರು 1975ರಲ್ಲಿ ಮುಂದಿಟ್ಟ ಕ್ರಮ ಇಂದಿಗೂ ಬಳಕೆಯಲ್ಲಿದೆ: ಪ್ರತಿ ಪತ್ರದಲ್ಲೂ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಆ ಎಣಿಕೆಗಳ ಸಾಲನ್ನೇ ಒಂದು ಬಾಣವೆಂದು ತಿಳಿಯುವುದು. ಎರಡು ಬಾಣಗಳು ಒಂದೇ ಕಡೆಗೆ ಮುಖ ಮಾಡಿದ್ದರೆ ಪತ್ರಗಳು ಹೋಲುತ್ತವೆ. ಮೂರೇ ಪದಗಳ ಒಂದು ಉದಾಹರಣೆ ಕೊಡುತ್ತೇನೆ. ಮೊದಲ ಪತ್ರದಲ್ಲಿ ‘ನೀರು’ 3 ಸಲ, ‘ರಸ್ತೆ’ 4 ಸಲ ಬಂದಿದೆ, ‘ದೀಪ’ ಬಂದೇ ಇಲ್ಲ. ಎರಡನೆಯದರಲ್ಲಿ 6, 8, ಸೊನ್ನೆ. ಎರಡನೆಯದು ಎರಡರಷ್ಟು ಉದ್ದವಾಗಿದ್ದರೂ ಬಾಣದ ದಿಕ್ಕು ಒಂದೇ, ಹೋಲಿಕೆ ಪೂರ್ಣ 1. ಮೂರನೆಯದರಲ್ಲಿ ‘ನೀರು’ ಇಲ್ಲ, ‘ರಸ್ತೆ’ 4, ‘ದೀಪ’ 3. ಮೊದಲನೆಯದಕ್ಕೂ ಇದಕ್ಕೂ ಹೋಲಿಕೆ 0.64. ಇದು ಎರಡು ಬಾಣಗಳ ನಡುವಿನ ಕೋನದ ಕೊಸೈನ್, ಶಾಲೆಯಲ್ಲಿ ಕಲಿತು ಮರೆತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ನಿಮ್ಮ ಪತ್ರಗಳಲ್ಲಿ ಒಂದು ತೊಡಕು ಇದ್ದೇ ಇರುತ್ತದೆ. ‘ಮಾನ್ಯರೇ’, ‘ವಿನಂತಿ’, ‘ತಮ್ಮಲ್ಲಿ’ ಎಲ್ಲದರಲ್ಲೂ ಇರುವುದರಿಂದ ಎಲ್ಲವೂ ಎಲ್ಲವನ್ನೂ ಹೋಲುತ್ತವೆ. ಇದಕ್ಕೆ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲೇ ದಾರಿ ತೋರಿಸಿದ್ದರು: ಹೆಚ್ಚು ಕಡತಗಳಲ್ಲಿ ಕಾಣುವ ಪದಕ್ಕೆ ಕಡಿಮೆ ತೂಕ ಕೊಡಿ. ‘ವಿನಂತಿ’ 340ಕ್ಕೆ 340ರಲ್ಲೂ ಇದ್ದರೆ ಅದರ ತೂಕ ಸೊನ್ನೆಗಿಳಿಯುತ್ತದೆ. ಮೂರೇ ಪತ್ರಗಳಲ್ಲಿ ಕಾಣುವ ವಿಚಿತ್ರ ಪದವೊಂದಿದ್ದರೆ ತಕ್ಕಡಿ ಅದರ ಕಡೆಗೆ ವಾಲುತ್ತದೆ. ನಕಲಿನ ಸುಳಿವು ಹೆಚ್ಚಾಗಿ ಸಿಗುವುದು ಅಂಥ ಪದದಲ್ಲೇ, ಅದರಲ್ಲೂ ಕಾಗುಣಿತ ತಪ್ಪಿದ ಪದದಲ್ಲಿ.

ಈಗ ಚಿತ್ರ. 340 ಅಡ್ಡಸಾಲು, 340 ಕಂಬಸಾಲುಗಳ ಒಂದು ಚೌಕಳಿ ಮಾಡಿ. ಎರಡು ಪತ್ರಗಳು ಎಷ್ಟು ಹೋಲುತ್ತವೆಯೋ ಅವು ಸಂಧಿಸುವ ಮನೆಗೆ ಅಷ್ಟು ಕಪ್ಪು ತುಂಬಿ. ಮಾಡಿ ನೋಡಿದಾಗ ನಿಮಗೆ ನಿರಾಸೆಯಾಗುತ್ತದೆ. ಪತ್ರಗಳು ಬಂದ ಕ್ರಮದಲ್ಲೇ ಇಟ್ಟರೆ ಚೌಕಳಿ ಎಳ್ಳು ಚೆಲ್ಲಿದಂತೆ ಕಾಣುತ್ತದೆ, ಕಣ್ಣಿಗೆ ಏನೂ ಹತ್ತುವುದಿಲ್ಲ. ಅದೇ ಸಾಲುಗಳನ್ನು, ಒಂದನ್ನೊಂದು ಹೋಲುವವು ಪಕ್ಕಪಕ್ಕ ಬರುವಂತೆ ಜರುಗಿಸಿ. ಒಂದು ಸಂಖ್ಯೆಯೂ ಬದಲಾಗಿರುವುದಿಲ್ಲ, ಆದರೆ ಕರ್ಣದುದ್ದಕ್ಕೂ ಕಪ್ಪು ಚೌಕಗಳು ಎದ್ದು ನಿಲ್ಲುತ್ತವೆ. 60 ಪತ್ರಗಳ ಅಗಲದ ಒಂದು ಕಪ್ಪು ಚೌಕ ಕಂಡರೆ, 60 ಜನ ಒಂದೇ ನಮೂನೆಗೆ ಸಹಿ ಹಾಕಿದ್ದಾರೆ ಎಂದು ತಿಳಿಯಿರಿ. ಚೌಕಗಳ ಹೊರಗೆ ಬಿಳಿಯಾಗಿ ಒಂಟಿ ನಿಂತ ಸಾಲುಗಳೇ ಸ್ವಂತ ಮಾತಿನವು. ನಾನಾಗಿದ್ದರೆ ಓದನ್ನು ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಈ ಜರುಗಿಸುವ ಕಲೆ ಕಂಪ್ಯೂಟರಿಗಿಂತ ಹಳೆಯದು. ಫ್ಲಿಂಡರ್ಸ್ ಪೆಟ್ರಿ ಎಂಬ ಪುರಾತತ್ವಜ್ಞರು ಈಜಿಪ್ಟಿನ ಸಮಾಧಿಗಳಲ್ಲಿ ಸಿಕ್ಕ ಮಡಕೆಗಳ ಬಗೆಯನ್ನು ಸಮಾಧಿಗೊಂದರಂತೆ ರಟ್ಟಿನ ಪಟ್ಟಿಗಳಲ್ಲಿ ಬರೆದುಕೊಂಡು, ಹೋಲುವ ಪಟ್ಟಿಗಳು ಹತ್ತಿರ ಬರುವವರೆಗೆ ಹಿಂದೆಮುಂದೆ ಮಾಡಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಕಾಲಕ್ರಮವನ್ನೇ ಹೊರಡಿಸಿದರು. ಅದು ಪ್ರಕಟವಾದದ್ದು 1899ರಲ್ಲಿ. ಚಿತ್ರ ಮಾಡಲು ಹೊರಟವರು ಬಣ್ಣ ಆರಿಸುವುದರಲ್ಲೇ ಅರ್ಧ ದಿನ ಕಳೆಯುವುದನ್ನು ಕಂಡಾಗಲೆಲ್ಲ ನನಗೆ ಆ ರಟ್ಟಿನ ಪಟ್ಟಿಗಳು ನೆನಪಾಗುತ್ತವೆ.

ಒಂದು ಎಚ್ಚರಿಕೆ, ನನ್ನದೇ ಮುಖಭಂಗದಿಂದ. ಒಮ್ಮೆ ಹೀಗೆಯೇ ಚೌಕಳಿ ಮಾಡಿದಾಗ ಎರಡು ದೊಡ್ಡ ಕಪ್ಪು ಚೌಕಗಳು ಬಂದವು. ಎರಡು ಅಭಿಪ್ರಾಯಗಳ ಎರಡು ಬಣಗಳಿವೆ ಎಂದು ವರದಿ ಬರೆದುಕೊಟ್ಟೆ. ಎರಡು ವಾರದ ನಂತರ ಕಡತಗಳನ್ನೇ ತೆರೆದು ನೋಡಿದರೆ, ಅವು ಇಬ್ಬರು ಬೆರಳಚ್ಚುಗಾರರ ಕೆಲಸ. ಒಬ್ಬರಿಗೆ ಪೂರ್ಣವಿರಾಮದ ಹಿಂದೆ ಒಂದು ತೆರಪು ಬಿಡುವ ಅಭ್ಯಾಸವಿತ್ತು, ಇನ್ನೊಬ್ಬರಿಗೆ ಇರಲಿಲ್ಲ. ನನ್ನ ತಂತ್ರಾಂಶ ‘ಇದೆ’ ಎಂಬುದನ್ನೂ ಚುಕ್ಕಿ ಅಂಟಿಕೊಂಡ ‘ಇದೆ.’ ಎಂಬುದನ್ನೂ ಬೇರೆ ಬೇರೆ ಪದಗಳೆಂದು ಎಣಿಸಿತ್ತು. ಚಿತ್ರ ಸುಳ್ಳು ಹೇಳಿರಲಿಲ್ಲ, ಇಬ್ಬರ ಬೆರಳುಗಳ ನಡುವಿನ ವ್ಯತ್ಯಾಸವನ್ನು ಚೊಕ್ಕವಾಗಿ ತೋರಿಸಿತ್ತು. ನಾನೇ ಅದಕ್ಕೆ ಬೇರೆ ಹೆಸರಿಟ್ಟಿದ್ದೆ. ಆದ್ದರಿಂದ ಪ್ರತಿ ಚೌಕದಿಂದಲೂ ಮೂರು ಪತ್ರಗಳನ್ನು ಕೈಗೆತ್ತಿಕೊಂಡು ಓದಿ, ಆಮೇಲೆ ಹೆಸರಿಡಿ.

ಪ್ರಶ್ನೆ: ವಿದ್ಯಾರ್ಥಿಗಳು ಬರೆದ ಎರಡು ಪ್ರಬಂಧಗಳಲ್ಲಿ ‘ಶೇಕಡಾ 38 ಹೋಲಿಕೆ’ ಎಂದು ಒಂದು ತಂತ್ರಾಂಶ ಹೇಳುತ್ತಿದೆ. ಈ 38 ನನಗೆ ಏನನ್ನೂ ಹೇಳುವುದಿಲ್ಲ. ನಕಲು ಎಲ್ಲಿದೆ ಎಂದು ಕಣ್ಣಿಗೆ ಕಾಣುವ ದಾರಿ ಇದೆಯೇ?
— ಪ್ರೌಢಶಾಲಾ ಶಿಕ್ಷಕ

ಉತ್ತರ: ಇದೆ, ಅದು ನನಗೆ ಬಹಳ ಪ್ರಿಯವಾದದ್ದೂ ಹೌದು. ನಾನು ಅದನ್ನು ಚುಕ್ಕಿಪಟ ಎನ್ನುತ್ತೇನೆ. ಒಂದು ಪ್ರಬಂಧದ ಪದಗಳನ್ನು ಮೇಲಿನ ಅಂಚಿನಲ್ಲಿ ಎಡದಿಂದ ಬಲಕ್ಕೆ ಬರೆಯಿರಿ. ಇನ್ನೊಂದರ ಪದಗಳನ್ನು ಎಡ ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಬರೆಯಿರಿ. ಎಲ್ಲೆಲ್ಲಿ ಎರಡೂ ಪದ ಒಂದೇ ಆಗಿವೆಯೋ ಅಲ್ಲಿ ಚುಕ್ಕಿ ಇಡಿ. ಅಷ್ಟೇ.

ಚೌಕುಳಿ ಹಾಳೆಯ ಮೇಲೆ ಈಗಲೇ ಮಾಡಿ ನೋಡಿ. ಮೇಲೆ: ‘ಮಳೆ ಬಂದ ಮೇಲೆ ಕೆರೆ ತುಂಬಿತು’. ಎಡಕ್ಕೆ: ‘ಮಳೆ ಬಂದ ಮೇಲೆ ದೊಡ್ಡ ಕೆರೆ ತುಂಬಿತು’. ಮೊದಲ ಮೂರು ಚುಕ್ಕಿಗಳು ಮೆಟ್ಟಿಲಿನಂತೆ ಓರೆಯಾಗಿ ಇಳಿಯುತ್ತವೆ. ನಾಲ್ಕನೆಯ ಸಾಲಿನಲ್ಲಿ ‘ದೊಡ್ಡ’ ಎದುರಾದಾಗ ಚುಕ್ಕಿಯೇ ಇಲ್ಲ. ಆಮೇಲೆ ಒಂದು ಮನೆ ಕೆಳಗೆ ಸರಿದು ಓರೆಗೆರೆ ಮುಂದುವರಿಯುತ್ತದೆ. ಇಡೀ ಪ್ರಬಂಧಕ್ಕೆ ಇದನ್ನೇ ಮಾಡಿದಾಗ ನಕಲು ಮಾಡಿದ ಪ್ಯಾರಾ ಉದ್ದನೆಯ ಓರೆಗೆರೆಯಾಗಿ ಕಾಣುತ್ತದೆ. ಮಧ್ಯೆ ಸ್ವಂತ ವಾಕ್ಯ ಸೇರಿಸಿದ್ದರೆ ಗೆರೆ ಮುರಿದು ಪಕ್ಕಕ್ಕೆ ಜರುಗುತ್ತದೆ. ಪ್ಯಾರಾಗಳನ್ನು ಹಿಂದೆಮುಂದೆ ಮಾಡಿದ್ದರೆ ಗೆರೆಯ ತುಂಡುಗಳು ಜಾಗ ಬದಲಿಸಿಕೊಂಡಿರುತ್ತವೆ. ಜಾಣ ಹುಡುಗರು ಪದಕ್ಕೊಂದು ಪದ ಬದಲಿಸುತ್ತಾರಲ್ಲ, ಆಗ ಗೆರೆ ಚುಕ್ಕಿಚುಕ್ಕಿಯಾಗಿ ಹರಿದಿರುತ್ತದೆ, ಆದರೆ ಓರೆ ತಪ್ಪುವುದಿಲ್ಲ. ಹರಿದ ಗೆರೆಯನ್ನು ಕಣ್ಣು ತಾನೇ ಹೊಲಿದುಕೊಳ್ಳುತ್ತದೆ.

‘ಮತ್ತು’, ‘ಆದರೆ’, ‘ಒಂದು’ ಮುಂತಾದವು ಎಲ್ಲೆಡೆ ಚುಕ್ಕಿ ಇಟ್ಟು ಮಂಜು ಕವಿದಂತೆ ಮಾಡುತ್ತವೆ. ಆಗ ಒಂದೊಂದು ಪದದ ಬದಲು ಸಾಲಾಗಿ ಮೂರು ಪದ ಹೊಂದಿದರೆ ಮಾತ್ರ ಚುಕ್ಕಿ ಇಡಿ: 1ರಿಂದ 3, 2ರಿಂದ 4, 3ರಿಂದ 5, ಹೀಗೆ ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಹೊದೆಸುತ್ತ ಹೋಗಬೇಕು. ಆಂಡ್ರೆ ಬ್ರೋಡರ್ 1997ರಲ್ಲಿ ಅಂತರ್ಜಾಲದ ನಕಲು ಪುಟಗಳನ್ನು ಹಿಡಿಯಲು ಬಳಸಿದ್ದೂ ಈ ಹೆಂಚುಗಳನ್ನೇ. ಚುಕ್ಕಿಪಟ ಹುಟ್ಟಿದ್ದು ಮಾತ್ರ ಜೀವವಿಜ್ಞಾನದಲ್ಲಿ. ಗಿಬ್ಸ್ ಮತ್ತು ಮ್ಯಾಕಿಂಟೈರ್ 1970ರಲ್ಲಿ ಪ್ರೋಟೀನಿನಂಥ ಸರಣಿಗಳನ್ನು ಹೀಗೆ ಹೋಲಿಸಿದರು. 1993ರಲ್ಲಿ ಕೆನೆತ್ ಚರ್ಚ್ ಮತ್ತು ಜೊನಾಥನ್ ಹೆಲ್ಫ್‌ಮನ್ ಅದನ್ನೇ ದೊಡ್ಡ ದೊಡ್ಡ ಪಠ್ಯಗಳಿಗೂ ಕಂಪ್ಯೂಟರ್ ಕಾರ್ಯಕ್ರಮಗಳಿಗೂ ಒಯ್ದರು.

ಇನ್ನು 38ರ ವಿಚಾರ. ಇಬ್ಬರೂ ಒಂದೇ ಪ್ರಶ್ನೆಯನ್ನು ಮೇಲೆ ಬರೆದುಕೊಂಡು, ಒಂದೇ ಪಠ್ಯಪುಸ್ತಕದ ವ್ಯಾಖ್ಯೆಗಳನ್ನು ಉಲ್ಲೇಖಿಸಿದ್ದರೂ 38 ಬರಬಹುದು. ಆಗ ಪಟದಲ್ಲಿ ಚಿಕ್ಕ ಚಿಕ್ಕ ಗೆರೆಗಳು ಚದುರಿರುತ್ತವೆ. ಒಬ್ಬ ಇನ್ನೊಬ್ಬನ ಕೊನೆಯ ಎರಡು ಪುಟಗಳನ್ನು ಇಳಿಸಿಕೊಂಡಿದ್ದರೂ 38 ಬರಬಹುದು. ಆಗ ಮೂಲೆಯಲ್ಲಿ ಒಂದೇ ಉದ್ದನೆಯ ಗೆರೆ ಇರುತ್ತದೆ. ಮಕ್ಕಳನ್ನು ಕರೆಸಿ ಕೇಳುವುದಾದರೆ ಪಟವನ್ನು ಅವರ ಮುಂದೆಯೇ ಇಡಿ. ಯಾರು ಯಾರಿಂದ ಇಳಿಸಿಕೊಂಡರು ಎಂಬುದನ್ನು ಮಾತ್ರ ಅದು ಹೇಳಲಾರದು.

ಪ್ರಶ್ನೆ: ಒಂದೇ ಕರಾರು ಪತ್ರದ ಹಳೆಯ ಮತ್ತು ಹೊಸ ಪ್ರತಿಗಳಿವೆ. ಮುದ್ರಿತ ಪುಟಗಳು ಮಾತ್ರ ಇವೆ, ಕಡತ ಇಲ್ಲ. ನಿಮ್ಮ ಕಿಟಕಿ ಗಾಜಿನ ಉಪಾಯ ನಡೆಯುತ್ತದೆಯೇ?
— ವಕೀಲರೊಬ್ಬರ ಸಹಾಯಕಿ

ಉತ್ತರ: ಕಾಗದ ತೆಳುವಾಗಿದ್ದರೆ, ಎರಡರ ಅಕ್ಷರಗಾತ್ರ, ಅಂಚು, ಸಾಲಿನ ಉದ್ದ ಒಂದೇ ಇದ್ದರೆ ನಡೆಯುತ್ತದೆ. ಅದಕ್ಕಿಂತ ಒಳ್ಳೆಯದು ಎರಡೂ ಪುಟಗಳನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಒಂದೇ ಜಾಗದಲ್ಲಿ ಒಂದಾದ ಮೇಲೊಂದು ಪಟಪಟನೆ ಬದಲಿಸುತ್ತ ನೋಡುವುದು. ಬದಲಾಗದ ಅಕ್ಷರಗಳು ಅಲುಗಾಡದೆ ನಿಲ್ಲುತ್ತವೆ, ಬದಲಾದದ್ದು ಮಿಣುಕುತ್ತದೆ. ಕ್ಲೈಡ್ ಟಾಮ್‌ಬಾ 1930ರಲ್ಲಿ ಪ್ಲೂಟೊ ಕಂಡುಹಿಡಿದದ್ದು ಆಕಾಶದ ಎರಡು ಛಾಯಾಚಿತ್ರಗಳನ್ನು ಹೀಗೆ ಮಿಣುಕಿಸಿ ನೋಡಿಯೇ. ಚಾರ್ಲ್ಟನ್ ಹಿನ್ಮನ್ ಎಂಬ ವಿದ್ವಾಂಸರು ಇದೇ ತತ್ವದ ಯಂತ್ರ ಕಟ್ಟಿ, ಷೇಕ್ಸ್‌ಪಿಯರನ ನಾಟಕಗಳ 1623ರ ಮುದ್ರಣದ ಪ್ರತಿಗಳನ್ನು ಪುಟಕ್ಕೆ ಪುಟ ಹೋಲಿಸಿದರು. ಅಚ್ಚು ನಡೆಯುತ್ತಿರುವಾಗಲೇ ಮೊಳೆ ಬದಲಿಸಿದ ಜಾಗಗಳು ಅವರಿಗೆ ಕಂಡವು. ಅವರ ಫಲಿತಾಂಶ 1963ರಲ್ಲಿ ಪ್ರಕಟವಾಯಿತು.

ಎರಡನೆಯ ಸಾಲಿನಲ್ಲೇ ಒಂದು ಪದ ಸೇರಿ ಮುಂದಿನದೆಲ್ಲ ಕೆಳಗೆ ಜಾರಿದ್ದರೆ ಪುಟವೆಲ್ಲ ಮಿಣುಕುತ್ತದೆ. ಆಗ ಈ ಉಪಾಯ ಕೈಬಿಟ್ಟು, ಸ್ಕ್ಯಾನ್‌ನಿಂದ ಪಠ್ಯ ಹೊರತೆಗೆದು ಚುಕ್ಕಿಪಟ ಮಾಡಿ.

ಪ್ರಶ್ನೆ: ಪ್ರತಿ ಕಡತಕ್ಕೂ ಒಂದು ಪುಟ್ಟ ಲಾಂಛನ ಬರೆಯುವ ಕಾರ್ಯಕ್ರಮ ಮಾಡಿದೆ. ಕಡತದ ಹ್ಯಾಶ್ (ಕಡತದಿಂದ ಲೆಕ್ಕ ಹಾಕಿ ಪಡೆದ, ನಿಗದಿತ ಉದ್ದದ ಗುರುತು) ತೆಗೆದು ಅದರಿಂದ ಬಣ್ಣದ ಚೌಕಗಳನ್ನು ಜೋಡಿಸುತ್ತೇನೆ. ಹೋಲುವ ಕಡತಗಳಿಗೆ ಹೋಲುವ ಲಾಂಛನ ಬರಬೇಕಿತ್ತು. ಒಂದು ಅಲ್ಪವಿರಾಮ ತೆಗೆದರೂ ಲಾಂಛನ ಪೂರ್ತಿ ಬೇರೆಯಾಗುತ್ತದೆ. ಎಲ್ಲಿ ತಪ್ಪಿದೆ?
— ಎಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ನಿಮ್ಮ ಕಾರ್ಯಕ್ರಮದಲ್ಲಿ ತಪ್ಪಿಲ್ಲ, ಹ್ಯಾಶ್ ಆರಿಸಿದ್ದರಲ್ಲಿ ತಪ್ಪಿದೆ. ನೀವು ಬಳಸಿದ್ದು ಎಸ್‌ಎಚ್‌ಎ-256 ಬಗೆಯದು ಎಂದುಕೊಳ್ಳುತ್ತೇನೆ. ಒಂದಕ್ಷರ ಬದಲಾದರೂ, 0 ಅಥವಾ 1 ಆಗಿರುವ 256 ಬಿಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಿರುಗಿ ಬೀಳಲಿ ಎಂದೇ ಅದನ್ನು ರೂಪಿಸಿದ್ದಾರೆ. ಅಂಥ ಲಾಂಛನಗಳು ಬೇರೊಂದು ಕೆಲಸಕ್ಕೆ ಸೊಗಸಾಗಿ ಒದಗುತ್ತವೆ: ‘ಇದು ಅದೇಯೋ, ಬೇರೆಯೋ’ ಎಂದು ತಿಳಿಯುವುದಕ್ಕೆ. ಡಾನ್ ಪಾರ್ಕ್ 2007ರಲ್ಲಿ ಮಾಡಿದ ‘ಐಡೆಂಟಿಕಾನ್’ ಆ ಜಾತಿಯದು. ಓಪನ್‌ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನೊಡನೆ ಗುಟ್ಟಾಗಿ ಸಂಪರ್ಕಿಸುವ ತಂತ್ರಾಂಶ) ಬಳಸುವವರು ಕೀಲಿಯ ಜೊತೆ ಬರುವ ಚುಕ್ಕಿಗೀಟುಗಳ ಚಿತ್ರವನ್ನು ಕಂಡಿರುತ್ತಾರೆ, ಅದೂ ಇದೇ ಕುಲದ್ದು. ‘ಇದು ಅದಕ್ಕೆ ಎಷ್ಟು ಹತ್ತಿರ’ ಎಂದು ಕೇಳಿದರೆ ಇವು ಬಾಯಿ ಬಿಡುವುದಿಲ್ಲ.

ನಿಮಗೆ ಬೇಕಾದದ್ದು ಮೋಸೆಸ್ ಚಾರಿಕರ್ 2002ರಲ್ಲಿ ತೋರಿಸಿದ ದಾರಿ, ಈಗ ಸಿಮ್‌ಹ್ಯಾಶ್ ಎಂದು ಹೆಸರಾಗಿದೆ. ಅದನ್ನು ಮತದಾನವೆಂದು ಭಾವಿಸಿ. 64 ಪೆಟ್ಟಿಗೆಗಳಿವೆ. ಕಡತದ ಪ್ರತಿಯೊಂದು ಪದದಿಂದ 64 ಬಿಟ್‌ಗಳ ಸಾಮಾನ್ಯ ಹ್ಯಾಶ್ ತೆಗೆಯಿರಿ. ಆ ಬಿಟ್ 1 ಆಗಿದ್ದರೆ ಆ ಪೆಟ್ಟಿಗೆಗೆ ಪರವಾಗಿ ಒಂದು ಮತ, 0 ಆಗಿದ್ದರೆ ವಿರುದ್ಧವಾಗಿ ಒಂದು ಮತ. ಎಲ್ಲ ಪದಗಳೂ ಮತ ಹಾಕಿದ ಮೇಲೆ ಪರ ಹೆಚ್ಚಿದ್ದ ಪೆಟ್ಟಿಗೆ ಕಪ್ಪು, ವಿರುದ್ಧ ಹೆಚ್ಚಿದ್ದದ್ದು ಬಿಳಿ. ಸಾವಿರ ಪದಗಳ ಕಡತದಲ್ಲಿ ನಾಲ್ಕು ಪದ ಬದಲಾದರೆ, ಗೆಲುವು ಸೋಲು ಕೂದಲೆಳೆಯಲ್ಲಿದ್ದ ಒಂದೆರಡು ಪೆಟ್ಟಿಗೆಗಳಷ್ಟೇ ತಿರುಗುತ್ತವೆ. ಗೂಗಲ್‌ನ ಸಂಶೋಧಕರು 2007ರಲ್ಲಿ 800 ಕೋಟಿ ಪುಟಗಳ ಸಂಗ್ರಹಕ್ಕೆ 64 ಬಿಟ್‌ಗಳ ಈ ಗುರುತು ಸಾಕೆಂದೂ, 3 ಬಿಟ್‌ಗಳೊಳಗಿನ ವ್ಯತ್ಯಾಸವನ್ನು ‘ಬಹುತೇಕ ನಕಲು’ ಎಂದು ಹಿಡಿಯಬಹುದೆಂದೂ ಬರೆದರು.

64 ಎಂದರೆ ಎಂಟೆಂಟರ ಚೌಕ, ಚದುರಂಗದ ಹಾಸು. ಲಾಂಛನ ತಾನಾಗಿಯೇ ಸಿಕ್ಕಿತು. ಬಣ್ಣ ಬೇಡ, ಕಪ್ಪುಬಿಳುಪೇ ಇರಲಿ. ಪರಸ್ಪರ ಸಂಬಂಧವೇ ಇಲ್ಲದ ಎರಡು ಕಡತಗಳಲ್ಲೂ ಸುಮಾರು 32 ಮನೆಗಳು ಹೊಂದುತ್ತವೆ ಎಂಬುದು ನೆನಪಿರಲಿ, ‘ಅರ್ಧ ಹೋಲಿಕೆ’ ಎಂದು ಹಿಗ್ಗಬೇಡಿ. ಇನ್ನೊಂದು ಮಾತು: ಎಂಟೆಂಟರ ಹಾಸನ್ನು ಹಾಗೆಯೇ ಇಟ್ಟರೆ ನೆನಪಿನಲ್ಲಿ ನಿಲ್ಲುವುದಿಲ್ಲ. ಬಲಕ್ಕೆ ಅದರ ಕನ್ನಡಿ ಬಿಂಬವನ್ನು ಜೋಡಿಸಿ. ಎಡಬಲ ಸಮವಾದ ಆಕಾರ ಕಂಡ ಕೂಡಲೇ ನಾವು ಅದರಲ್ಲಿ ಮುಖ, ಚಿಟ್ಟೆ, ಏಡಿ ಹುಡುಕುತ್ತೇವೆ. ‘ಆ ಏಡಿಯಂಥ ಕಡತ’ ಎಂದು ನಿಮ್ಮ ಗೆಳೆಯರು ಕರೆಯತೊಡಗಿದರೆ ನಿಮ್ಮ ಕೆಲಸ ಕೈಗೂಡಿತು.

ಪ್ರಶ್ನೆ: ಎರಡು ವರದಿಗಳ ಪದಮೋಡಗಳನ್ನು (ಹೆಚ್ಚು ಸಲ ಬಂದ ಪದವನ್ನು ದೊಡ್ಡದಾಗಿ ಬರೆದ ಚಿತ್ರಗಳನ್ನು) ಪಕ್ಕಪಕ್ಕ ಇಟ್ಟು ಹೋಲಿಸುವುದು ಸರಿಯೇ?
— ಸಮಾಜಶಾಸ್ತ್ರದ ವಿದ್ಯಾರ್ಥಿನಿ

ಉತ್ತರ: ಗೋಡೆಗೆ ತೂಗುಹಾಕಲು ಸರಿ. ಒಂದೇ ವರದಿಯನ್ನು ಎರಡು ಸಲ ಕೊಟ್ಟು ನೋಡಿ, ಬಹಳಷ್ಟು ತಂತ್ರಾಂಶಗಳು ಎರಡು ಬೇರೆ ಮೋಡಗಳನ್ನು ಕೊಡುತ್ತವೆ, ಏಕೆಂದರೆ ಪದಗಳನ್ನು ಎಲ್ಲೆಲ್ಲೋ ತುರುಕಿ ಜಾಗ ತುಂಬಿಸುತ್ತವೆ. ಉದ್ದನೆಯ ಪದ ಕಡಿಮೆ ಸಲ ಬಂದಿದ್ದರೂ ದೊಡ್ಡದಾಗಿ ಕಾಣುತ್ತದೆ. ಕನ್ನಡದಲ್ಲಂತೂ ‘ಊರು’, ‘ಊರಿನ’, ‘ಊರಿಗೆ’, ‘ಊರಲ್ಲಿ’ ನಾಲ್ಕು ಕಡೆ ಹಂಚಿಹೋಗಿ ಒಂದೂ ದಪ್ಪವಾಗುವುದಿಲ್ಲ. ಪ್ರತ್ಯಯ ಬಿಡಿಸಿ ಮೂಲಪದಕ್ಕೆ ಸೇರಿಸಿ ಎಣಿಸಿ. ಆಮೇಲೆ ಎರಡು ವರದಿಗಳಿಗೂ ಸೇರಿ 30 ಪದಗಳ ಒಂದೇ ಪಟ್ಟಿ ಮಾಡಿ, ಪ್ರತಿ ಪದದ ಎಡಕ್ಕೆ ಒಂದು ವರದಿಯ ಪಟ್ಟೆ, ಬಲಕ್ಕೆ ಇನ್ನೊಂದರದು ಎಳೆಯಿರಿ. ವಿಸ್ತೀರ್ಣಕ್ಕಿಂತ ಉದ್ದವನ್ನೂ, ಉದ್ದಕ್ಕಿಂತ ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನೂ ಕಣ್ಣು ಹೆಚ್ಚು ಸರಿಯಾಗಿ ಅಳೆಯುತ್ತದೆ ಎಂದು ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ಪ್ರಶ್ನೆ: ಸಹಿ ಇಲ್ಲದ ಕೆಲವು ಲೇಖನಗಳು ಒಬ್ಬರೇ ಬರೆದವೇ ಎಂದು ನೋಡಬೇಕಾಗಿದೆ. ವಿಷಯಗಳು ಬೇರೆ ಬೇರೆ. ಮೇಲಿನ ಉಪಾಯಗಳು ಸಾಕೇ?
— ಹಳೆಯ ಪತ್ರಿಕೆಗಳ ಸಂಗ್ರಾಹಕ

ಉತ್ತರ: ಸಾಲವು, ಇಲ್ಲಿ ತಕ್ಕಡಿಯನ್ನೇ ತಿರುಗಿಸಬೇಕು. ಮೊದಲ ಉತ್ತರದಲ್ಲಿ ಸೊನ್ನೆ ತೂಕ ಕೊಟ್ಟು ಹೊರಹಾಕಿದ ಸಣ್ಣ ಪದಗಳೇ ಈಗ ಬೇಕು. ಅಮೆರಿಕದ ಸಂವಿಧಾನವನ್ನು ಬೆಂಬಲಿಸಿ 1787–88ರಲ್ಲಿ ಒಂದೇ ಗುಪ್ತನಾಮದಲ್ಲಿ ಬಂದ 85 ಲೇಖನಗಳಲ್ಲಿ 12ರ ಕರ್ತೃ ಹ್ಯಾಮಿಲ್ಟನ್ನೋ ಮ್ಯಾಡಿಸನ್ನೋ ಎಂಬ ವಿವಾದವಿತ್ತು. ಮೋಸ್ಟೆಲರ್ ಮತ್ತು ವಾಲೆಸ್ 1964ರಲ್ಲಿ ಇಂಗ್ಲಿಷಿನ ‘ಅಪಾನ್’ (upon, ಎಂದರೆ ‘ಮೇಲೆ’) ಮುಂತಾದ ಚಿಲ್ಲರೆ ಪದಗಳನ್ನು ಎಣಿಸಿದರು. ಹ್ಯಾಮಿಲ್ಟನ್ ಆ ಪದವನ್ನು ಧಾರಾಳವಾಗಿ ಬಳಸುತ್ತಿದ್ದರು, ಮ್ಯಾಡಿಸನ್ ಅಪರೂಪಕ್ಕೆ. ಎಣಿಕೆ ಮ್ಯಾಡಿಸನ್ ಕಡೆಗೆ ಬಲವಾಗಿ ವಾಲಿತು.

ನೀವು ‘ಮತ್ತು’ ಹಾಗೂ ‘ಹಾಗೂ’ ಇವನ್ನು ಎಣಿಸಿ. ‘ಆದರೆ’ಯನ್ನು ವಾಕ್ಯದ ಮೊದಲಿಗೆ ಇಡುವವರು ಯಾರು, ‘ಎಂದು’ ಬಳಸುವವರು ಯಾರು, ‘ಎಂಬುದಾಗಿ’ ಬಳಸುವವರು ಯಾರು ನೋಡಿ. ಲೇಖನಕ್ಕೊಂದು ಸಾಲು, ಪದಕ್ಕೊಂದು ಕಂಬ, ಸಾವಿರ ಪದಕ್ಕೆ ಎಷ್ಟು ಸಲ ಎಂಬುದಕ್ಕೆ ತಕ್ಕ ಕಪ್ಪು. ಪೆಟ್ರಿಯ ಪಟ್ಟಿಗಳಂತೆ ಸಾಲುಗಳನ್ನು ಜರುಗಿಸುತ್ತ ಹೋಗಿ. ಸಂಪಾದಕರು ತಿದ್ದಿದ ಪ್ರತಿಯಾಗಿದ್ದರೆ ಸಂಪಾದಕರ ಕೈಯೇ ಕಾಣಬಹುದು. ಈ ಮಾತನ್ನು ನಾನು ಅಪರಾಧಿಯಾಗಿ ಹೇಳುತ್ತಿದ್ದೇನೆ: ನನ್ನ ಕೈಗೆ ಬಂದ ಎಷ್ಟೋ ಕರಡುಗಳಲ್ಲಿ ‘ಹಾಗೂ’ ಹೊಡೆದು ‘ಮತ್ತು’ ಮಾಡಿದ್ದೇನೆ.

ಪ್ರಶ್ನೆ: ಸಾವಿರ ಲೇಖನಗಳನ್ನು ಚುಕ್ಕಿಗಳ ನಕ್ಷೆಯಾಗಿ ಮಾಡಿಸಿದೆವು. ಎಡದ ಗುಂಪು ಬಲದ ಗುಂಪಿನಿಂದ ಬಹಳ ದೂರವಿದೆ, ಆದ್ದರಿಂದ ವಿಷಯವೂ ಬಹಳ ಬೇರೆ ಎಂದು ಹೇಳಬಹುದೇ?
— ಗ್ರಂಥಪಾಲಕಿ

ಉತ್ತರ: ನಕ್ಷೆಯನ್ನು ಯಾವ ವಿಧಾನದಿಂದ ಮಾಡಿದ್ದು ಎಂದು ಕೇಳದೆ ಹಾಗೆ ಹೇಳಬೇಡಿ. ಕಷ್ಟ ಎಲ್ಲಿದೆ ಎಂದು ಮೊದಲು ನೋಡೋಣ. ಮೂರು ಲೇಖನಗಳು ಪರಸ್ಪರ ಒಂದೇ ಸಮ ಬೇರೆಯಾಗಿವೆ ಎಂದುಕೊಳ್ಳಿ. ಸಮಬಾಹು ತ್ರಿಕೋನ ಎಳೆದರೆ ಸರಿಹೋಯಿತು. ಈಗ ನಾಲ್ಕನೆಯದು ಬಂತು, ಅದೂ ಮೂರರಿಂದಲೂ ಅಷ್ಟೇ ದೂರ. ಹಾಳೆಯ ಮೇಲೆ ಅದಕ್ಕೆ ಜಾಗವಿಲ್ಲ, ಮೂರರ ಮೇಲೆ ಗಾಳಿಯಲ್ಲಿ ನಿಲ್ಲಬೇಕು. ನಾಲ್ಕಕ್ಕೇ ಹೀಗಾದರೆ ಸಾವಿರಕ್ಕೆ ಹೇಗೆ? ಹಾಳೆಯ ಮೇಲಿನ ಯಾವ ನಕ್ಷೆಯೂ ಕೆಲವು ದೂರಗಳನ್ನು ಉಳಿಸಿಕೊಂಡು ಉಳಿದವನ್ನು ಬಲಿ ಕೊಟ್ಟಿರುತ್ತದೆ. ಯಾವುದನ್ನು ಉಳಿಸಿತು ಎಂಬುದೇ ಕೇಳಬೇಕಾದ ಪ್ರಶ್ನೆ.

ಹಳೆಯ ವಿಧಾನ ನೆರಳು ಬೀಳಿಸಿದಂತೆ. ನೆರಳಿನಲ್ಲಿ ದೂರ ಕಂಡ ಎರಡು ಚುಕ್ಕಿಗಳು ನಿಜವಾಗಿಯೂ ಕಡಿಮೆಯೆಂದರೆ ಅಷ್ಟಾದರೂ ದೂರವಿರುತ್ತವೆ. ಹತ್ತಿರ ಕಂಡವು ಹತ್ತಿರವೇ ಇರಬೇಕೆಂದಿಲ್ಲ, ಒಂದು ಮುಂದೆ ಒಂದು ಹಿಂದೆ ನಿಂತಿರಬಹುದು. ಈಗ ಹೆಚ್ಚು ಬಳಕೆಯಲ್ಲಿರುವ ಟಿ-ಎಸ್‌ಎನ್‌ಇ ಇದಕ್ಕೆ ತಿರುವುಮುರುವು. ವಾನ್ ಡರ್ ಮಾಟನ್ ಮತ್ತು ಹಿಂಟನ್ 2008ರಲ್ಲಿ ಕೊಟ್ಟ ಈ ವಿಧಾನ ಅಕ್ಕಪಕ್ಕದವರನ್ನು ಅಕ್ಕಪಕ್ಕ ಉಳಿಸಲು ಜೀವ ತೇಯುತ್ತದೆ. ಗುಂಪು ಗುಂಪುಗಳ ನಡುವಿನ ಬಯಲಿನ ಅಗಲಕ್ಕೆ ಅದರಲ್ಲಿ ಹೆಚ್ಚು ಅರ್ಥವಿಲ್ಲ. ಗುಂಪಿನ ಹರವಿಗೂ ಇಲ್ಲ. ಇನ್ನೊಮ್ಮೆ ಓಡಿಸಿದರೆ ಎಡದ್ದು ಬಲಕ್ಕೆ ಹೋಗಿ ಕೂರಬಹುದು. 2018ರಲ್ಲಿ ಬಂದ, ಇದೇ ಬಗೆಯ ಯುಮ್ಯಾಪ್‌ನಲ್ಲೂ ಬಯಲನ್ನು ಅಳೆಯಲು ಹೋಗಬೇಡಿ.

ಸುಲಭದ ಪರೀಕ್ಷೆ ಹೇಳುತ್ತೇನೆ. ನಿಮಗೆ ಚೆನ್ನಾಗಿ ಗೊತ್ತಿರುವ ಹತ್ತು ಲೇಖನಗಳನ್ನು ಆರಿಸಿ. ಪ್ರತಿಯೊಂದಕ್ಕೂ ಎಣಿಕೆಯ ಪ್ರಕಾರ ಅತಿ ಹತ್ತಿರದ ಐದು ಯಾವುವು, ನಕ್ಷೆಯಲ್ಲಿ ಅತಿ ಹತ್ತಿರದ ಐದು ಯಾವುವು ಎಂದು ಬರೆದುಕೊಳ್ಳಿ. ಐದರಲ್ಲಿ ನಾಲ್ಕು ಕೂಡಿದರೆ ನೆರೆಹೊರೆಯ ಮಟ್ಟಿಗೆ ನಕ್ಷೆಯನ್ನು ನಂಬಿ. ಒಂದೆರಡೇ ಕೂಡಿದರೆ ಅದನ್ನು ಮುಖಪುಟದ ಅಲಂಕಾರಕ್ಕೆ ಕೊಟ್ಟುಬಿಡಿ. ಕೆಂಪುಹಸಿರಿನಿಂದ ಗುಂಪು ಬೇರ್ಪಡಿಸಬೇಡಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆ ಎರಡರ ನಡುವೆ ಗೊಂದಲಪಡುವ ಕಣ್ಣುಗಳು, ಗಂಡಸರಲ್ಲಿ ಹೆಚ್ಚು, ನಿಮ್ಮ ಓದುಗರಲ್ಲೂ ಇರುತ್ತವೆ.

ಪ್ರಶ್ನೆ: ಮುಖಗಳನ್ನು ನಾವು ಥಟ್ಟನೆ ಗುರುತಿಸುತ್ತೇವಲ್ಲ, ಪ್ರತಿ ಕಡತವನ್ನೂ ಒಂದು ಮುಖವಾಗಿ ಬರೆದರೆ?
— ವ್ಯಂಗ್ಯಚಿತ್ರಕಾರ

ಉತ್ತರ: ಹರ್ಮನ್ ಚೆರ್ನಾಫ್ 1973ರಲ್ಲಿ ಬರೆದುಬಿಟ್ಟಿದ್ದಾರೆ, ಒಂದು ಮುಖದಲ್ಲಿ 18 ಅಳತೆಗಳವರೆಗೆ. ವಾಕ್ಯದ ಉದ್ದಕ್ಕೆ ಮೂಗು, ಪ್ರಶ್ನಾರ್ಥಕ ಚಿಹ್ನೆಗಳ ಸಂಖ್ಯೆಗೆ ಹುಬ್ಬು, ಹೀಗೆ. ನೋಡಲು ಖುಷಿ. ಆದರೆ ಬಾಯಿಯ ವಕ್ರತೆ ಮೊದಲು ಕಣ್ಣಿಗೆ ಹೊಡೆಯುತ್ತದೆ, ಮೂಗಿನ ಉದ್ದ ಯಾರಿಗೂ ಬೇಡ. ಯಾವ ಅಳತೆ ಯಾವ ಅಂಗಕ್ಕೆ ಎಂದು ಅದಲುಬದಲು ಮಾಡಿದರೆ ಹೋಲಿಕೆಗಳೂ ಅದಲುಬದಲಾಗುತ್ತವೆ. ಅದಲ್ಲದೆ, ಅಲ್ಪವಿರಾಮ ಹೆಚ್ಚಿದ್ದಕ್ಕೆ ಪಾಪದ ಅರ್ಜಿಯೊಂದು ಕಳ್ಳನ ಮುಖ ಹೊತ್ತು ಮೇಜಿಗೆ ಬರುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ಪದ ಬೇರೆ ಬೇರೆ, ಅರ್ಥ ಒಂದೇ ಇದ್ದರೆ ಈ ಎಣಿಕೆಗಳು ಸೋಲುವುದಿಲ್ಲವೇ?
— ಅನುವಾದಕಿ

ಉತ್ತರ: ಸೋಲುತ್ತವೆ. ‘ನೀರಿನ ಅಭಾವ’ ಮತ್ತು ‘ಜಲಕ್ಷಾಮ’ ಎಣಿಕೆಗೆ ಅಪರಿಚಿತರು. ಇದಕ್ಕೆಂದೇ, ಪದ ಯಾವ ಪದಗಳ ಸಹವಾಸದಲ್ಲಿ ಬರುತ್ತದೆ ಎಂಬುದರಿಂದ ಅದರ ಬಾಣವನ್ನು ಕಲಿಯುವ ಮಾದರಿಗಳು ಬಂದವು: 2013ರ ವರ್ಡ್‌ಟುವೆಕ್, 2018ರ ಬರ್ಟ್, ಆಮೇಲಿನವು. ಅವುಗಳಲ್ಲಿ ಈ ಎರಡೂ ಹತ್ತಿರ ಬರುವ ಸಂಭವ ಹೆಚ್ಚು. ಆದರೆ ಸಹವಾಸ ನೋಡಿ ಕಲಿತವಕ್ಕೆ ಸಹವಾಸದ ದೋಷವೂ ಇರುತ್ತದೆ. ‘ಮನವಿಯನ್ನು ಪುರಸ್ಕರಿಸಲಾಗಿದೆ’ ಮತ್ತು ‘ಮನವಿಯನ್ನು ತಿರಸ್ಕರಿಸಲಾಗಿದೆ’ ಒಂದೇ ಬಗೆಯ ಕಾಗದಗಳಲ್ಲಿ, ಒಂದೇ ಜಾಗದಲ್ಲಿ ಬರುತ್ತವೆ, ಆದ್ದರಿಂದ ನಕ್ಷೆಯಲ್ಲಿ ಮೈಗೆ ಮೈ ತಾಗಿಸಿ ಕೂರಬಹುದು. ಅರ್ಜಿದಾರನಿಗೆ ಅವು ಎಷ್ಟು ದೂರ ಎಂದು ಹೇಳಬೇಕಿಲ್ಲ. ನಾನು ಎರಡು ಚಿತ್ರಗಳನ್ನೂ ಮಾಡಿ ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಅರ್ಥದ ಚಿತ್ರದಲ್ಲಿ ಹತ್ತಿರ, ಪದದ ಚಿತ್ರದಲ್ಲಿ ದೂರ ಇರುವ ಜೋಡಿಗಳನ್ನು ಕೈಯಾರೆ ಓದುತ್ತೇನೆ.

ಪ್ರಶ್ನೆ: ಎರಡು ಕಡತಗಳು ಪರದೆಯ ಮೇಲೆ ಅಕ್ಷರಕ್ಕೆ ಅಕ್ಷರ ಒಂದೇ. ಆದರೂ ಚುಕ್ಕಿಪಟದಲ್ಲಿ ಗೆರೆ ಹರಿದುಹೋಗಿದೆ. ಪುಟದ ಫೋಟೋ ಲಗತ್ತಿಸಿದ್ದೇನೆ.
— ನಿವೃತ್ತ ಬೆರಳಚ್ಚುಗಾರ್ತಿ

ಉತ್ತರ: ಇಲ್ಲಿ ಮೋಸ ಹೋಗಿರುವುದು ಕಣ್ಣು. ಕನ್ನಡ ಅಕ್ಷರ ಪರದೆಯ ಮೇಲೆ ಒಂದೇ ಕಂಡರೂ ಒಳಗಿನ ಸಂಕೇತಗಳು ಬೇರೆಯಿರಬಹುದು. ‘ಕೋ’ ಎಂಬುದರ ದೀರ್ಘಸ್ವರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಹ್ರಸ್ವಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂದು ಎರಡಾಗಿಯೂ ಇಡಬಹುದು. ಅಕ್ಷರಸಂಕೇತಗಳ ಪ್ರಮಾಣವಾದ ಯೂನಿಕೋಡ್ ಎರಡನ್ನೂ ಸಮಾನವೆಂದು ಒಪ್ಪುತ್ತದೆ, ನಿಮ್ಮ ತಂತ್ರಾಂಶ ಒಪ್ಪಬೇಕೆಂದಿಲ್ಲ. ‘ಬಸ್’ ಮುಂತಾದ ವ್ಯಂಜನಾಂತ್ಯ ಪದಗಳ ಕೊನೆಯಲ್ಲಿ ಒತ್ತಕ್ಷರ ತಡೆಯುವ, ಅಗಲವೇ ಇಲ್ಲದ ಸಂಕೇತವೊಂದು ಕೆಲವು ಕೀಲಿಮಣೆಗಳಿಂದ ಸೇರಿಕೊಂಡಿರುತ್ತದೆ. ಇವೆರಡಕ್ಕಿಂತ ತುಂಟತನದ್ದು ಮೂರನೆಯದು: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ‘ಅಂಕ’ ಮತ್ತು ‘ಅ೦ಕ’ ಇವನ್ನು ಕನ್ನಡಕ ಒರೆಸಿಕೊಂಡು ನೋಡಿ. ಮೊದಲನೆಯದರಲ್ಲಿ ಅನುಸ್ವಾರವಿದೆ, ಎರಡನೆಯದರಲ್ಲಿ ಅಂಕಿಯಿದೆ.

ಮೊದಲನೆಯದಕ್ಕೆ ಎನ್‌ಎಫ್‌ಸಿ ಎಂಬ, ಸಮಾನ ಸಂಕೇತಗಳನ್ನು ಒಂದೇ ರೂಪಕ್ಕೆ ತರುವ ಪ್ರಮಾಣೀಕರಣ ಸಾಕು. ಕಾಣದ ಸಂಕೇತಗಳನ್ನು ಅಳಿಸಿಹಾಕಿ. ಅಕ್ಷರಗಳ ನಡುವೆ ಸಿಕ್ಕಿಬಿದ್ದ ಸೊನ್ನೆಗಳನ್ನು ಹುಡುಕಿ ಅನುಸ್ವಾರ ಮಾಡಿ, ಅಂಕಿಗಳ ನಡುವಿನ ಸೊನ್ನೆಯನ್ನು ಮುಟ್ಟಬೇಡಿ. ಇದನ್ನು ಮೂಲಕ್ಕೆ ಮಾಡದೆ ನಕಲು ಪ್ರತಿಗೆ ಮಾಡಿ. ಆಮೇಲೂ ಗೆರೆ ಹರಿದಿದ್ದರೆ ಇನ್ನೊಮ್ಮೆ ಬರೆಯಿರಿ, ಆಗ ಫೋಟೋದ ಬದಲು ಕಡತವನ್ನೇ ಕಳುಹಿಸಿ. ಈ ಮೂರರಲ್ಲಿ ಒಂದೂ ಫೋಟೋದಲ್ಲಿ ಕಾಣುವುದಿಲ್ಲ.